ಚೀಸ್ ಪಾತ್ರೆ, ಬೆಲ್ಲದ ಕೊಪ್ಪರಿಗೆ ಮತ್ತು 1964

ಡಿಸೆಂಬರ್ ಬಂತು ಅಂದ್ರೆ ರೀಲ್ಸ್‌ನಲ್ಲಿ ಸ್ವಿಟ್ಜರ್ಲೆಂಡ್ ಶುರು. ಹೊರಗೆ ಹಿಮ, ಒಳಗೆ ಮೇಜಿನ ನಡುವೆ ಸಣ್ಣ ಉರಿ, ಅದರ ಮೇಲೊಂದು ಪಾತ್ರೆ ತುಂಬ ಕರಗಿದ ಚೀಸ್. ಉದ್ದ ಫೋರ್ಕಿಗೆ ಬ್ರೆಡ್ ತುಂಡು ಚುಚ್ಚಿ, ಅದ್ದಿ, ಎಲ್ಲರೂ ಒಂದೇ ಪಾತ್ರೆಯಿಂದ ತಿಂತಾರೆ. ಇದೇ ಫಾಂಡ್ಯೂ. ಕೆಳಗೆ ಕ್ಯಾಪ್ಷನ್: ‘ಶತಮಾನಗಳ ಸಂಪ್ರದಾಯ’. ಇವತ್ತಿನ ಕಥೆ ಆ ಕ್ಯಾಪ್ಷನ್ನಿಂದ ಶುರುವಾಗಿ ನಮ್ಮ ಸಾಗರದ ಹೊಳೆಬಾಗಿಲಿಗೆ ಬಂದು ನಿಲ್ಲುತ್ತೆ.

ಅಡುಗೆ ಹಳೇದು, ನಿಜ. 1699ರ ಝೂರಿಕ್‌ನ ಒಂದು ಅಡುಗೆ ಪುಸ್ತಕದಲ್ಲೇ ವೈನ್ ಹಾಕಿ ಚೀಸ್ ಬೇಯಿಸೋ ವಿಧಾನ ಇದೆ. ಬೆಟ್ಟದ ಬಡ ದನಗಾಹಿಗಳು ಒಣಗಿದ ಚೀಸು, ಬ್ರೆಡ್ಡು ಹಾಳಾಗದಿರಲಿ ಅಂತ ಇದನ್ನ ಕಂಡುಹಿಡಿದ್ರು ಅನ್ನೋ ಕಥೆ ಜನಪ್ರಿಯ. ಆದ್ರೆ ಗ್ರುಯೇರ್‌ನಂಥ ಚೀಸ್ ಆಗ ಹೊರದೇಶಕ್ಕೆ ಹೋಗ್ತಿದ್ದ ಬೆಲೆಬಾಳೋ ಸರಕು. ಫಾಂಡ್ಯೂ ಇಡೀ ದೇಶದ ತಿನಿಸಾಗಿದ್ದು 1930ರ ದಶಕದಲ್ಲಿ. ಮೊದಲ ಮಹಾಯುದ್ಧದ ಹೊತ್ತಲ್ಲಿ ಹುಟ್ಟಿದ ಸ್ವಿಸ್ ಚೀಸ್ ಯೂನಿಯನ್ ಆಗ ಚೀಸಿನ ದರ, ಮಾರಾಟ ಎಲ್ಲವನ್ನೂ ನಿಯಂತ್ರಿಸ್ತಿತ್ತು. ಚೀಸ್ ಖರ್ಚಾಗಬೇಕಿತ್ತು, ಫಾಂಡ್ಯೂ ರಾಷ್ಟ್ರೀಯ ಖಾದ್ಯ ಅಂತ ಪ್ರಚಾರ ಮಾಡಿತು. 1964ರಲ್ಲಿ ನ್ಯೂಯಾರ್ಕ್ ವಿಶ್ವ ಮೇಳದ ಸ್ವಿಸ್ ರೆಸ್ಟೋರೆಂಟ್‌ನಲ್ಲಿ ಬಡಿಸಿದ ಮೇಲೆ ಅಮೆರಿಕಕ್ಕೂ ಅದರ ಹುಚ್ಚು ಹಿಡೀತು. 1999ರಲ್ಲಿ ಯೂನಿಯನ್ ಮುಚ್ಚಿತು, ಫಾಂಡ್ಯೂ ಉಳೀತು.

1964. ಈ ಇಸವಿ ನೆನಪಿಟ್ಕೊಳ್ಳಿ.

ಚಳಿಯಲ್ಲಿ ಉರಿಯ ಸುತ್ತ ಕೂತು ಹಂಚಿಕೊಂಡು ತಿನ್ನೋದು ಮಲೆನಾಡಿಗೇನು ಹೊಸದಲ್ಲ. ನಮ್ಮಲ್ಲಿ ಆಲೆಮನೆ ಇದೆ. ಕೋಣ ಸುತ್ತು ಹಾಕ್ತಿದ್ರೆ ಗಾಣದಿಂದ ಕಬ್ಬಿನ ಹಾಲು ಇಳಿಯೋದು. ಕೊಪ್ಪರಿಗೆಗೆ ಸುರಿದು, ಕೆಳಗೆ ಬೆಂಕಿ ಕೊಟ್ಟು, ಗಂಟೆಗಟ್ಟಲೆ ಕುದಿಸಿದ್ರೆ ಜೋನಿಬೆಲ್ಲ. ಉಕ್ಕಿ ಬರೋ ನೊರೆಬೆಲ್ಲಕ್ಕೆ ಮಕ್ಕಳು ಬಾಳೆಎಲೆ ಹಿಡ್ಕೊಂಡು ಕಾಯ್ತಾರೆ. ಮನೆಯಲ್ಲಿ ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕಲಸಿ, ಒಲೆ ಮೇಲೆ ಬೋರಲು ಹಾಕಿದ ಗಡಿಗೆಗೆ ಬಳಿದ್ರೆ ಕಾಗದದಷ್ಟು ತೆಳ್ಳಗಿನ ತೊಡದೇವು. ಆಲೆಮನೆಗೆ ಬಂದವರನ್ನ ಕಬ್ಬಿನ ಹಾಲು ಕುಡಿಸದೆ ಕಳಿಸೋ ಪದ್ಧತಿ ಇಲ್ಲ. ಇದಕ್ಕೆ ಯಾವ ಯೂನಿಯನ್ನೂ ಜಾಹೀರಾತು ಕೊಟ್ಟಿರಲಿಲ್ಲ.

ಆದ್ರೆ ಆಲೆಮನೆಗೆ ಗದ್ದೆ ಬೇಕು, ಕಬ್ಬು ಬೇಕು, ಸುತ್ತ ಕೂರೋಕೆ ಊರು ಬೇಕು. ಆ ಕಡೆ ನ್ಯೂಯಾರ್ಕ್‌ನವರು ಚೀಸಿಗೆ ಬ್ರೆಡ್ ಅದ್ದುತ್ತಿದ್ದ ಅದೇ 1964ರಲ್ಲಿ ಈ ಕಡೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಸುಮಾರು 151 ಟಿಎಂಸಿ ನೀರು. ಊರು, ಗದ್ದೆ, ಅಡಿಕೆ ತೋಟ, ದೇವಸ್ಥಾನ ಮುಳುಗಿದವು. 1940ರ ದಶಕದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಅದು ಈಗಲೂ ತಲೆ ಎತ್ತುತ್ತೆ. ರಾಜ್ಯಕ್ಕೆ ಬೆಳಕು ಬಂತು. ಎದ್ದು ಹೋದ ಕುಟುಂಬಗಳಲ್ಲಿ ಎಷ್ಟೋ ಮನೆಯವರು 60 ವರ್ಷ ದಾಟಿದ್ರೂ ಭೂಮಿಯ ಹಕ್ಕುಪತ್ರಕ್ಕೆ ಅಲೀತಾನೇ ಇದ್ದಾರೆ.

ಹಿನ್ನೀರಿನಾಚೆ ಉಳಿದ ತುಮರಿ ಕಡೆಯ ಊರುಗಳಿಗೆ ಸಾಗರ ಪೇಟೆ ದೂರವಾಯ್ತು. ಹೊಳೆಬಾಗಿಲಿನ ಲಾಂಚೇ ಅವರಿಗೆ ದಾರಿ. ಸಿಗಂದೂರಿಗೆ ಹೋಗಿದ್ರೆ ನೀವೂ ಆ ಲಾಂಚಲ್ಲಿ ಸೆಲ್ಫಿ ತೆಗೆದಿರ್ತೀರಿ. ನಮಗೆ ಅದು ಟ್ರಿಪ್. ರಾತ್ರಿ ಹೆರಿಗೆ ನೋವು ಬಂದ ಮನೆಯವರಿಗೆ ಅದು ಬೇರೆಯದೇ ಕಾಯುವಿಕೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2 ಕಿಲೋಮೀಟರ್‌ಗೂ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಆರು ದಶಕ ಬೇಕಾಯ್ತು.

ಈಗ ಪೇಟೆಗಳಲ್ಲೂ ‘ಆಲೆಮನೆ ಹಬ್ಬ’ ನಡೆಯುತ್ತೆ. ತಪ್ಪೇನಿಲ್ಲ, ಫಾಂಡ್ಯೂ ಉಳಿದಿದ್ದೂ ಪ್ರಚಾರದಿಂದಲೇ. ಆದ್ರೆ ಜಾಹೀರಾತು ರುಚಿ ಉಳಿಸುತ್ತೆ, ಊರಿನ ಹೆಸರು ಉಳಿಸಲ್ಲ. ಮುಳುಗಡೆ ನೋಡಿದ ಅಜ್ಜ, ಅಜ್ಜಿ ನಿಮ್ಮ ಮನೇಲಿದ್ರೆ ಈ ಚಳಿಗಾಲ ಪಕ್ಕದಲ್ಲಿ ಕೂತು ಕೇಳಿ: ನಿಮ್ಮ ಆಲೆಮನೆ ಎಲ್ಲಿತ್ತು, ಗಾಣಕ್ಕೆ ಯಾರ ಕೋಣ ಕಟ್ತಿದ್ರಿ? ಫೋನ್ ಹೇಗೂ ಕೈಯಲ್ಲಿದೆ. ರೆಕಾರ್ಡ್ ಬಟನ್ ಒತ್ತಿ.

ಮುಂದಿನ ವಾರ ಸಿಗೋಣ.