ಯಾರೂ ಮುಟ್ಟದ ಕಡಲತೀರ ಅಂತ ಒಂದಿದೆಯಾ?

ಗೋಕರ್ಣದ ಓಂ ಬೀಚಿನಿಂದ ದಕ್ಷಿಣಕ್ಕೆ ಗುಡ್ಡದ ಕಾಲುದಾರಿ ಹಿಡಿದರೆ ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ಬಂಡೆ, ಕುರುಚಲು ಗಿಡ, ಕೆಳಗೆ ಸಮುದ್ರ... ಅಷ್ಟೇ. ಬಾಗಲಗುಂಟೆಯ ನನ್ನಂಥವರು ಎಂಟನೇ ಮೈಲಿಯಲ್ಲಿ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗೋದೇ ಈ ನಿರ್ಜನತೆಗಾಗಿ. ಸಾಫ್ಟ್‌ವೇರ್ ಮಂದಿ ಇದಕ್ಕೆ 'ವರ್ಜಿನ್ ಬೀಚ್' ಅಂತಾರೆ. ಆದರೆ ಇನ್ನೂ ಮುಂದೆ ತದಡಿಯವರೆಗೆ ನಡೆದರೆ ಇತಿಹಾಸ ಬೇರೆಯೇ ಕಥೆ ಹೇಳುತ್ತೆ.

ತದಡಿಯಲ್ಲಿ ಅಘನಾಶಿನಿ ಕಡಲು ಸೇರುತ್ತಾಳೆ. ಈ ಅಳಿವೆಯ ಒಳಗಿರೋದೇ ಮಿರ್ಜಾನ್. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲಕ್ಕೆ ಘಟ್ಟದ ಕಾಳುಮೆಣಸು ಇಲ್ಲಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಕರೆದದ್ದೇ 'ಮೆಣಸಿನ ರಾಣಿ' ಅಂತ! ಮುಂದೆ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿತು. ಬ್ರಿಟಿಷರ ಕಣ್ಣು ಕಾರವಾರ ಬಂದರಿನ ಮೇಲಿತ್ತು. ಅಳಿವೆಯ ಚಿಕ್ಕ ಬಂದರುಗಳು ಹಿಂದೆ ಬಿದ್ದವು.

ಬಂದರು ಸುಮ್ಮನಾದರೂ ಜನ ಸುಮ್ಮನಾಗಲಿಲ್ಲ. ಇದೇ ಅಳಿವೆಯ ಸಾಣಿಕಟ್ಟಾದಲ್ಲಿ ಇವತ್ತಿಗೂ ಉಪ್ಪು ತೆಗೀತಾರೆ. ಉಪ್ಪು ಅಂದಮೇಲೆ ಪಕ್ಕದ ಅಂಕೋಲೆಯನ್ನು ನೆನೆಯಲೇಬೇಕು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾನೂನು ಮುರಿದರು. ಇನ್ನು ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಡೆದು ಬೆಳೆಯುವ ಕಗ್ಗ ಭತ್ತ. ನೀರಿಳಿದಾಗ ಹೆಂಗಸರು ಕೆಸರಲ್ಲಿ ಕೂತು ಆರಿಸುವ ಚಿಪ್ಪಿ.

ಇಷ್ಟೆಲ್ಲ ಇರುವ ಜಾಗ ಕಾಗದದ ಮೇಲೆ ಮಾತ್ರ 'ಖಾಲಿ'. 2000ದ ದಶಕದಲ್ಲಿ ತದಡಿಗೆ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂತು. ಊರವರು, ಪರಿಸರವಾದಿಗಳು ವಿರೋಧಿಸಿದರು. ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ ಸೇರಿತು. ಮೂಲದಿಂದ ಕಡಲವರೆಗೆ ಅಣೆಕಟ್ಟಿಲ್ಲದೆ ಹರಿಯುವ ನದಿಗೆ ಸಲ್ಲಬೇಕಾದ ಗೌರವವೇ.

ನನಗನ್ನಿಸೋದು ಇಷ್ಟು. 'ಯಾರೂ ಮುಟ್ಟದ ತೀರ' ಅನ್ನೋ ಪ್ರವಾಸಿಯೂ 'ಅಭಿವೃದ್ಧಿಯಾಗದ ಜಾಗ' ಅನ್ನೋ ಯೋಜನೆಯ ಕಡತವೂ ಕಾಣದೇ ಬಿಡುವುದು ಒಂದನ್ನೇ: ಅಲ್ಲಿ ದುಡಿಯುವವರನ್ನು. ಮುಂದಿನ ಸಲ ಪ್ಯಾರಡೈಸಿಗೆ ಹೋದರೆ ಅಲ್ಲಿಗೇ ನಿಲ್ಲಬೇಡಿ, ತದಡಿಯ ತನಕ ಹೋಗಿ. ನೀರಿಳಿದ ಹೊತ್ತಲ್ಲಿ ಅಳಿವೆ ನೋಡಿ. ಎಷ್ಟು ಜನ ಕಂಡರು ಅಂತ ಬಂದು ಹೇಳ್ತೀರಲ್ಲ?