ಯೆರೆಮೀಯನನ್ನು ವಿರೋಧಿಸಿದ ಯೆಹೂದದ ಅಧಿಕಾರಿಗಳು

ಸುಮಾರು ಕ್ರಿ.ಪೂ. 588ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೇನೆ ಯೆರೂಸಲೇಮಿಗೆ ಮುತ್ತಿಗೆ ಹಾಕಿತು. ಪಟ್ಟಣದಲ್ಲೇ ಉಳಿದವರು ಕತ್ತಿ, ಹಸಿವು, ವ್ಯಾಧಿಗಳಿಗೆ ಬಲಿಯಾಗುವರು, ಹೊರಗೆ ಹೋಗಿ ಶರಣಾದವರು ಬದುಕುವರು ಎಂದು ಪ್ರವಾದಿ ಯೆರೆಮೀಯ ಒಳಗಿದ್ದುಕೊಂಡೇ ಸಾರಿದ. ಅದನ್ನು ಕೇಳಿದ ಶೆಫಟ್ಯ, ಗೆದಲ್ಯ, ಯೂಕಲ, ಪಷ್ಹೂರ ಎಂಬ ನಾಲ್ವರು ಅಧಿಕಾರಿಗಳು ಯೆಹೂದದ ಅರಸ ಚಿದ್ಕೀಯನ ಬಳಿ ಹೋಗಿ, ಈತ ಸೈನಿಕರ ಎದೆಗುಂದಿಸುತ್ತಿದ್ದಾನೆ, ಸಾಯಿಸಬೇಕು ಎಂದರು. ಹಿಂದೆ ಇದೇ ಯೂಕಲನನ್ನು ಅರಸ ಯೆರೆಮೀಯನ ಬಳಿಗೆ ಕಳಿಸಿ, ನಮಗಾಗಿ ಪ್ರಾರ್ಥಿಸು ಎಂದು ಕೇಳಿಸಿದ್ದ.

ಯುದ್ಧಕಾಲದ ಆಡಳಿತಗಾರರಿಗೆ ಯೆರೆಮೀಯನ ಮಾತು ದೇಶದ್ರೋಹವೆನಿಸಿದ್ದು ಅಸಹಜವಲ್ಲ. ಆದರೆ ಆ ಮಾತು ನಿಜವೇ ಎಂದು ಅವರು ವಿಚಾರಿಸಲಿಲ್ಲ. ಅವರ ತಪ್ಪು ಇರುವುದು ಇಲ್ಲಿ. ಯೆಹೂದದ ಕೋಟೆಪಟ್ಟಣ ಲಾಕೀಷಿನ ಅವಶೇಷಗಳಲ್ಲಿ 1935ರಲ್ಲಿ ಸಿಕ್ಕ, ಇದೇ ಕಾಲದ ಮಡಕೆಚೂರಿನ ಓಲೆಯೊಂದರಲ್ಲಿ ಧೈರ್ಯಗೆಡಿಸುವ ಮಾತಿನ ದೂರು ಇದೆ. ಆದರೆ ಅದನ್ನು ಸಾಮಾನ್ಯವಾಗಿ ಓದುವಂತೆ, ಆ ದೂರು ಇರುವುದು ಪ್ರವಾದಿಯ ಮೇಲಲ್ಲ, ಅಧಿಕಾರಿಗಳ ಮಾತಿನ ಮೇಲೆ.

ನಿಮ್ಮೆದುರು ಅರಸನ ಕೈ ಸಾಗದು ಎಂದು ಚಿದ್ಕೀಯ ಪ್ರವಾದಿಯನ್ನು ಅವರಿಗೆ ಒಪ್ಪಿಸಿಬಿಟ್ಟ. ಅವರು ಅವನನ್ನು ಕಾವಲುಗಾರರ ಅಂಗಳದಲ್ಲಿದ್ದ ಬಾವಿಗೆ ಹಗ್ಗದಿಂದ ಇಳಿಸಿದರು. ಬಾವಿಯಲ್ಲಿ ನೀರಿರಲಿಲ್ಲ, ಯೆರೆಮೀಯ ಕೆಸರಿನಲ್ಲಿ ಹೂತುಹೋದ. ಅವನ ಪರ ನಿಂತವನು ಅರಮನೆಯ ಸೇವಕ, ಕೂಷ್ ದೇಶದ ಎಬೆದ್ಮೆಲೆಕ. ಬೆನ್ಯಾಮೀನ್ ಬಾಗಿಲಲ್ಲಿ ಕುಳಿತಿದ್ದ ಅರಸನನ್ನು ನೇರವಾಗಿ ಕಂಡು, ಅನುಮತಿ ಪಡೆದು, ಜನರೊಡನೆ ಬಾವಿಯ ಬಳಿಗೆ ಬಂದ. ಹಗ್ಗ ಕಂಕುಳನ್ನು ಕೊಯ್ಯದಂತೆ ಹಳೆಯ ಚಿಂದಿಬಟ್ಟೆಗಳನ್ನೂ ಇಳಿಸಿಕೊಟ್ಟ. ಇಡೀ ವೃತ್ತಾಂತದಲ್ಲಿ ಇಷ್ಟು ಕಾಳಜಿ ತೋರಿದವನು ಈ ಪರದೇಶಿಯೊಬ್ಬನೇ.

ಅಧಿಕಾರಿವರ್ಗವೆಲ್ಲ ಪ್ರವಾದಿಗೆ ವೈರಿಯಾಗಿತ್ತು ಎನ್ನಲಾಗದು. ಹಿಂದೆ ಆಳಿದ ಅರಸ ಯೆಹೋಯಾಕೀಮನ ಕಾಲದಲ್ಲಿ ಶಾಫಾನನ ಮಗ ಅಹೀಕಾಮ ಯೆರೆಮೀಯನನ್ನು ಮರಣದಿಂದ ಕಾಪಾಡಿದ್ದ. ಅದೇ ಮನೆತನದ ಗೆಮರ್ಯ, ಪ್ರವಾದಿಯ ಸುರುಳಿಯನ್ನು ಸುಡಬೇಡವೆಂದು ಅರಸನನ್ನು ಬೇಡಿಕೊಂಡಿದ್ದ. ಅರಸ ಕೇಳದೆ ಸುಟ್ಟ.

ಬಾವಿಯಿಂದ ಹೊರಬಂದ ಯೆರೆಮೀಯನನ್ನು ಚಿದ್ಕೀಯ ಗುಟ್ಟಾಗಿ ಕರೆಸಿ ಸಲಹೆ ಕೇಳಿದ. ಮತ್ತೆ ಅದೇ ಉತ್ತರ ಬಂತು: ಶರಣಾಗು. ಅರಸನಿಗೆ ಧೈರ್ಯ ಸಾಲಲಿಲ್ಲ. ಈ ಭೇಟಿಯ ವಿಷಯ ಅಧಿಕಾರಿಗಳಿಗೆ ತಿಳಿಯಕೂಡದು ಎಂದಷ್ಟೇ ಹೇಳಿದ. ಕ್ರಿ.ಪೂ. 587 ಅಥವಾ 586ರಲ್ಲಿ ಪಟ್ಟಣ ಬಿತ್ತು. ಬಾಬೆಲಿನವರು ರಿಬ್ಲ ಎಂಬ ಊರಿನಲ್ಲಿ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದು, ಬಳಿಕ ಅವನ ಕಣ್ಣು ಕಿತ್ತರು.

ನಮ್ಮ ಕಾಲದಲ್ಲಿ, ಯೆರೂಸಲೇಮಿನ ದಾವೀದನಗರಿಯ ಉತ್ಖನನದಲ್ಲಿ ಪುರಾತತ್ತ್ವಜ್ಞೆ ಐಲತ್ ಮಜಾರ್ ಅವರಿಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಎರಡು ಮಣ್ಣಿನ ಮುದ್ರೆಗಳು ದೊರೆತವು. 2005ರಲ್ಲಿ ಸಿಕ್ಕಿದ್ದರಲ್ಲಿ ಶೆಲೆಮ್ಯನ ಮಗ ಯೆಹೂಕಲನ (ಯೂಕಲ ಎಂಬುದರ ಪೂರ್ಣರೂಪ) ಹೆಸರು, 2008ರಲ್ಲಿ ಕೆಲವೇ ಮೀಟರ್ ದೂರದಲ್ಲಿ ಸಿಕ್ಕಿದ್ದರಲ್ಲಿ ಪಷ್ಹೂರನ ಮಗ ಗೆದಲ್ಯನ ಹೆಸರು ಇದೆ. ಇವರು ಆ ನಾಲ್ವರಲ್ಲಿ ಇಬ್ಬರು ಎಂಬುದು ಮಜಾರ್ ಅವರ ಗುರುತಿಸುವಿಕೆ. ಯೆರೆಮೀಯನ ಗ್ರಂಥ ಕೊಡುವ ಹೆಸರು, ತಂದೆಯ ಹೆಸರು, ಕಾಲ ಮೂರೂ ಹೊಂದುವುದರಿಂದ ಅದು ಬಲವಾಗಿಯೇ ನಿಲ್ಲುತ್ತದೆ.