ವರ್ಣರಕ್ಷಣೆ: ಲೇಪದಿಂದ ಬೆಳಕಿಗೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಮೀಸಲಾದ ಭಾಗವೊಂದುಂಟು. ಗೋಡೆಯನ್ನು ನಯಗೊಳಿಸುವ ಬಗೆ, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವ ಕ್ರಮ, ಇವನ್ನೆಲ್ಲ ಅರಸನು ಅಲ್ಲಿ ವಿವರಿಸಿದ್ದಾನೆ. ವಜ್ರಲೇಪವೆಂಬ ಹೆಸರಿನಲ್ಲಿಯೇ ಬಣ್ಣವು ಅಳಿಯದೆ ನಿಲ್ಲಬೇಕೆಂಬ ಆಶೆ ಅಡಗಿದೆ. ಆದರೆ ಬಣ್ಣದಷ್ಟು ಚಂಚಲವಾದ ವಸ್ತು ಕಲಾವಿದನ ಕೈಯಲ್ಲಿ ಮತ್ತೊಂದಿಲ್ಲ. ಕಲ್ಲು ಸವೆಯುವುದಕ್ಕೆ ಸಾವಿರ ವರ್ಷ ಬೇಕು. ಕೆಂಪು ಕಂದುವುದಕ್ಕೆ ಒಮ್ಮೊಮ್ಮೆ ಹದಿನೈದು ವರ್ಷ ಸಾಕು.

ಅಜಂತೆಯ ಭಿತ್ತಿಚಿತ್ರಗಳನ್ನು ಉಳಿಸುವುದಕ್ಕೆ ನಡೆದ ಪ್ರಯತ್ನಗಳ ಕಥೆ ಖೇದಕರವಾದುದು. 1844ರಲ್ಲಿ ಮದರಾಸು ಸೈನ್ಯದ ರಾಬರ್ಟ್ ಗಿಲ್ಲನು ಅವುಗಳ ಪ್ರತಿ ತೆಗೆಯಲು ನೇಮಿತನಾದನು. ಅವನ ವರ್ಷಗಟ್ಟಲೆಯ ದುಡಿಮೆಯ ಬಹುಭಾಗವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಬೆಂಕಿಗೆ ಆಹುತಿಯಾಯಿತು. ಅನಂತರ ಮುಂಬಯಿ ಕಲಾಶಾಲೆಯ ಜಾನ್ ಗ್ರಿಫಿತ್ಸನು ತನ್ನ ವಿದ್ಯಾರ್ಥಿಗಳೊಡನೆ 1872ರಿಂದ ಆರಂಭಿಸಿ ಮತ್ತೆ ಪ್ರತಿಗಳನ್ನು ಬರೆದನು. 1885ರಲ್ಲಿ ಅವುಗಳಲ್ಲಿಯೂ ಎಷ್ಟೋ ಲಂಡನ್ನಿನಲ್ಲಿಯೇ ಸುಟ್ಟುಹೋದುವು. ಅಗ್ನಿಗೆ ಅಜಂತೆಯ ರುಚಿ ಹತ್ತಿತ್ತೋ ಏನೋ!

ಪ್ರತಿಗಳ ಗತಿ ಹೀಗಾದರೆ ಮೂಲಕ್ಕೆ ಒದಗಿದ ಆಪತ್ತು ಬೇರೆ ಬಗೆಯದು. 1920ರಲ್ಲಿ ನಿಜಾಮರ ಸರ್ಕಾರವು ಇಟಲಿಯಿಂದ ಇಬ್ಬರು ತಜ್ಞರನ್ನು ಕರೆಸಿತು. ಕಳಚಿಬೀಳುತ್ತಿದ್ದ ಗಾರೆಯನ್ನು ಅವರು ಗೋಡೆಗೆ ಮರಳಿ ಕೂಡಿಸಿದರು. ಅದು ಸಣ್ಣ ಉಪಕಾರವಲ್ಲ. ಆದರೆ ಚಿತ್ರಗಳ ಮೇಲೆ ಅರಗಿನ ಮೆರುಗನ್ನೂ ಬಳಿದರು. ಕಾಲಕ್ರಮದಲ್ಲಿ ಆ ಮೆರುಗು ಹಳದಿಗಟ್ಟಿ, ಮಂಕಾಗಿ, ತಾನು ಕಾಯಬೇಕಾಗಿದ್ದ ಬಣ್ಣಗಳನ್ನೇ ಮುಚ್ಚಿತು. ಅವರನ್ನು ಹಳಿಯುವುದು ನ್ಯಾಯವಲ್ಲ. ಅಂದು ತಿಳಿದ ಒಳ್ಳೆಯದನ್ನೇ ಮಾಡಿದರು. ಆದರೂ ಗೋಡೆಯ ಮೇಲೆ ಒಮ್ಮೆ ಬಳಿದುದನ್ನು ಹಿಂದೆಗೆಯುವುದು ಬಳಿಯುವಷ್ಟು ಸುಲಭವಲ್ಲ. ಆ ಅರಗನ್ನು ಅಂಗುಲ ಅಂಗುಲವಾಗಿ ಬಿಡಿಸುವ ಕೆಲಸ ಮುಂದಿನ ತಲೆಮಾರಿನ ರಸಾಯನಜ್ಞರ ಪಾಲಿಗೆ ಬಂತು.

ಹಾಗಾದರೆ ಮುಟ್ಟದೆ ಕಾಯುವ ಉಪಾಯವುಂಟೆ? ಭಾರತದಿಂದ ಬೌದ್ಧಧರ್ಮದೊಡನೆ ಗುಹಾಚಿತ್ರದ ಸಂಪ್ರದಾಯವು ಮಧ್ಯ ಏಷ್ಯೆಯ ದಾರಿಯಾಗಿ ತಲಪಿದ ಚೀನದ ದುನ್‌ಹುವಾಂಗಿನಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಯಾತ್ರಿಕರ ಉಸಿರಿನ ತೇವವೇ ಅಲ್ಲಿಯ ಚಿತ್ರಗಳಿಗೆ ಶತ್ರು. ಆದುದರಿಂದ ಗುಹೆಗಳನ್ನು ಡಿಜಿಟಲ್ ಛಾಯಾಚಿತ್ರಗಳಲ್ಲಿ ಸೆರೆಹಿಡಿದು, 2016ರಲ್ಲಿ 30 ಗುಹೆಗಳನ್ನು ಅಂತರಜಾಲದಲ್ಲಿ ಲೋಕಕ್ಕೆ ತೆರೆದರು. ನೋಡುವವನು ಮನೆಯಲ್ಲಿಯೇ ಕುಳಿತು ಬೇಕಾದತ್ತ ತಿರುಗಬಹುದು, ಮೇಲ್ಛಾವಣಿಯನ್ನು ದಿಟ್ಟಿಸಬಹುದು, ಒಂದು ಬೆರಳಿನ ರೇಖೆಯವರೆಗೂ ಸಮೀಪಿಸಬಹುದು. ಈ ಪ್ರತಿಗಳನ್ನು ಒಂದೇ ಬೆಂಕಿ ನುಂಗಲಾರದು.

ಆದರೆ ಛಾಯಾಚಿತ್ರವು ಉಳಿದುದನ್ನು ತೋರಿಸೀತೇ ಹೊರತು ಹೋದ ಬಣ್ಣವನ್ನು ತಂದೀತೆ? ಇದಕ್ಕೆ ಉತ್ತರವೊಂದು ಅಮೆರಿಕದಲ್ಲಿ ದೊರೆಯಿತು. ಮಾರ್ಕ್ ರೋತ್ಕೋ ಎಂಬ ಚಿತ್ರಕಾರನ ಐದು ವಿಶಾಲ ಪಟಗಳನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೋಜನಶಾಲೆಯೊಂದರಲ್ಲಿ 1964ರಲ್ಲಿ ತೂಗುಹಾಕಿದ್ದರು. ಅವನು ಬಳಸಿದ ಲಿಥಾಲ್ ಕೆಂಪು ಬಿಸಿಲಿಗೆ ತಾಳದ ವರ್ಣ, ಕಿಟಕಿಗಳೋ ದೊಡ್ಡವು. 1979ರ ವೇಳೆಗೆ ಪಟಗಳು ಗುರುತು ಸಿಕ್ಕದಷ್ಟು ಕಂದಿ, ಉಗ್ರಾಣ ಸೇರಿದುವು. ಮೇಲೆ ಮತ್ತೆ ಬಣ್ಣ ಬಳಿಯುವಂತಿರಲಿಲ್ಲ. ಬಳಿದರೆ ಅಜಂತೆಯ ಅರಗಿನಂತೆ ಅದು ಹಿಂದೆಗೆಯಲಾಗದ ಕಾರ್ಯ.

ಪಂಡಿತರು 1964ರ ಛಾಯಾಚಿತ್ರಗಳನ್ನು ಹುಡುಕಿದರು. ವಿನೋದವೆಂದರೆ ಅವುಗಳ ಬಣ್ಣವೂ ಮಾಸಿತ್ತು! ಅದನ್ನು ಗಣಕಯಂತ್ರದ ನೆರವಿನಿಂದ ತಿದ್ದಿದರು. ಅಲ್ಲಿ ತೂಗುಹಾಕದೆ ಉಳಿದಿದ್ದ ಆರನೆಯ ಪಟವೂ ನೆರವಾಯಿತು. ಅಂದಿನ ಬಣ್ಣಕ್ಕೂ ಇಂದಿನ ಬಣ್ಣಕ್ಕೂ ಇರುವ ಅಂತರವನ್ನು 20 ಲಕ್ಷಕ್ಕೂ ಮಿಕ್ಕ ಬಿಂದುಗಳಲ್ಲಿ ಗಣಿಸಿ, ಕೊರತೆಯಷ್ಟೇ ಬೆಳಕನ್ನು ಪ್ರಕ್ಷೇಪಕ ಯಂತ್ರದಿಂದ ಪಟದ ಮೇಲೆ ಬೀರಿದರು. 2014ರ ಪ್ರದರ್ಶನದಲ್ಲಿ ಆ ಕೆಂಪು ಮತ್ತೆ ತುಂಬಿಕೊಂಡು ಕಂಡಿತು. ಪಟಕ್ಕೆ ಒಂದು ತೊಟ್ಟು ಲೇಪವೂ ಸೋಕಿರಲಿಲ್ಲ.

ಇದು ಕಲೆಯೋ ಇಂದ್ರಜಾಲವೋ ಎಂದು ಆಕ್ಷೇಪಿಸಿದವರಿದ್ದರು. ಆಕ್ಷೇಪವು ನಿರಾಧಾರವಲ್ಲ, ನೋಡುವವನ ಕಣ್ಣಿಗೆ ಬೀಳುವ ಕೆಂಪಿನಲ್ಲಿ ಚಿತ್ರಕಾರನದೆಷ್ಟು, ಯಂತ್ರದ್ದೆಷ್ಟು ಎಂದು ಬೇರ್ಪಡಿಸಲಾಗದು. ಆದರೆ ಈ ಇಂದ್ರಜಾಲವು ತನ್ನ ಗುಟ್ಟನ್ನು ತಾನೇ ಒಪ್ಪಿಕೊಳ್ಳುತ್ತಿತ್ತು. ಪ್ರದರ್ಶನ ನಡೆದಷ್ಟು ದಿನವೂ ಸಂಜೆ 4 ಗಂಟೆಗೆ ಯಂತ್ರಗಳನ್ನು ಆರಿಸುತ್ತಿದ್ದರು. ಗೋಡೆಯ ಮೇಲೆ ಬಿಸಿಲು ತಿಂದ ಪಟಗಳು, ತಮ್ಮ ನಿಜವಾದ ಮಾಸಲು ಬಣ್ಣದಲ್ಲಿ, ಬಾಗಿಲು ಮುಚ್ಚುವವರೆಗೆ ಜನರ ಮುಂದೆ ನಿಂತಿರುತ್ತಿದ್ದುವು.